ನೌಪಾಡಾದ ಗಾಡಿ, ಡೊಂಬಿವ್ಲಿಯ ಮೀಟರು

ಸಂಕರ್ಷಣ ಮೂರನೇ ಸಲ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗ ನನಗಾದದ್ದು ಸಂತೋಷವೋ ಸಿಟ್ಟೋ, ಈಗಲೂ ಖಾತ್ರಿಯಾಗಿ ಹೇಳಲಾರೆ. ಎರಡೂ ಇದ್ದಿರಬೇಕು. ಬಾಯಿಗೆ ಬಂದದ್ದು ಮಾತ್ರ ಸಿಟ್ಟು.

"ಮತ್ತೆ ಬ್ಯಾಟರಿ ಡೌನಾ?"

"ಹೌದು ಮಾರಾಯ್ರೆ. ಕೀ ತಿರುಗಿಸಿದ್ರೆ ಬರೀ ಟಕ್ ಟಕ್. ಪಕ್ಕದ ಬಿಲ್ಡಿಂಗಿನವರ ಗಾಡಿಯಿಂದ ಜಂಪ್ ಸ್ಟಾರ್ಟ್ ಮಾಡಿಸಿ ತಂದೆ."

ಹೇಳುತ್ತ ನಕ್ಕ. ಆ ನಗು ಬಲಗೆನ್ನೆಯಲ್ಲಿ ಶುರುವಾಗಿ ಕಣ್ಣಿಗೆ ಬರುವಷ್ಟರಲ್ಲಿ ನಾನು ಬಾನೆಟ್ ಎತ್ತಿ ಮುಖ ಮರೆಸಿಕೊಂಡೆ.

ಡೊಂಬಿವ್ಲಿ ಈಸ್ಟಿನಲ್ಲಿರುವ ಈ ಬ್ಯಾಟರಿ ಅಂಗಡಿ ಅಪ್ಪನದು. ಅವರ ಮಂಡಿ ಕೈಕೊಟ್ಟ ಮೇಲೆ ಐದು ವರ್ಷದಿಂದ ನಾನೇ ನೋಡಿಕೊಳ್ಳುತ್ತೇನೆ. ಹೊಸ ಗಿರಾಕಿಗಳು ಬಂದರೆ ನನ್ನ ಭುಜದಾಚೆ ಕಣ್ಣು ಹಾಯಿಸಿ ಮೆಕ್ಯಾನಿಕ್‌ನನ್ನು ಹುಡುಕುತ್ತಾರೆ. ಇವನು ಮೊದಲ ದಿನ ಹುಡುಕಲಿಲ್ಲ. ನೆಟ್ಟಗೆ ನನ್ನನ್ನೇ ನೋಡಿ, "ನೀವು ಶ್ರೀಪ್ರಿಯಾ ಅಲ್ವಾ? ಇಲ್ಲೇ ಇರುವ ನಮ್ಮ ಚಿಕ್ಕಮ್ಮ ನಿಮ್ಮ ಹೆಸರು ಹೇಳಿದ್ರು" ಎಂದ. ಅಷ್ಟಕ್ಕೇ ನನಗೆ ಅವನು ಇಷ್ಟವಾದ. ನಾನು ಅಗ್ಗದ ಹುಡುಗಿಯೇನಲ್ಲ, ಆದರೂ ಇಷ್ಟವಾದ.

ಠಾಣೆಯ ನೌಪಾಡಾದಲ್ಲಿ ಅವರ ಮನೆ, ಅಲ್ಲೇ ಒಂದು ವೆಜ್ ಹೋಟೆಲು. ಹದಿನೇಳು ವರ್ಷದ ಈ ಬಿಳಿ ಗಾಡಿ ಅವನ ಅಮ್ಮ ಪ್ರಭಾ ಅವರದು. ವಾರಕ್ಕೊಂದು ಸಲ ಅವರೇ ಓಡಿಸುತ್ತಾರಂತೆ. ಮೊದಲ ಸಲ ಟರ್ಮಿನಲ್ಲಿನ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ಬಿಗಿ ಮಾಡಿ, ಬ್ಯಾಟರಿಗೆ ಲೋಡ್ ಹಾಕಿ ನೋಡಿದ್ದೆ. ಗಟ್ಟಿಯಾಗಿತ್ತು. ಎರಡನೇ ಸಲ ಎಂಜಿನ್ ಓಡಿಸಿ ಆಲ್ಟರ್ನೇಟರ್ ಪರೀಕ್ಷಿಸಿದೆ. ಹದಿನಾಲ್ಕು ವೋಲ್ಟಿನ ಮೇಲೆ ಚಾರ್ಜು ಚೆನ್ನಾಗಿಯೇ ಬರುತ್ತಿತ್ತು.

ಇನ್ನು ಉಳಿದದ್ದು ಒಂದೇ. ಗಾಡಿ ಸುಮ್ಮನೆ ನಿಂತಿರುವಾಗ ಯಾವುದೋ ಕಳ್ಳ ಕರೆಂಟು ಕುಡಿಯುತ್ತಿರಬೇಕು. ಕೀ ತೆಗೆದು, ಬಾಗಿಲು ಹಾಕಿ, ನೆಗೆಟಿವ್ ವೈರು ಬಿಡಿಸಿ ನಡುವೆ ಮೀಟರ್ ಹಿಡಿದೆ. ಗಡಿಯಾರಕ್ಕೆ ಬೇಕಾದಷ್ಟೇ ಹರಿಯುತ್ತಿತ್ತು.

"ಎಕ್ಸ್‌ಟ್ರಾ ಏನಾದ್ರೂ ಫಿಟ್ ಮಾಡಿಸಿದ್ದೀರಾ? ಹಾರ್ನು, ಕ್ಯಾಮೆರಾ?"

"ಎಂತದ್ದೂ ಇಲ್ಲ."

"ಹಾಗಾದ್ರೆ ಯಾರೋ ಬೇಕಂತಲೇ ಲೈಟ್ ಆನ್ ಬಿಡ್ತಾರೆ."

"ಯಾರು?"

"ವಾರ ವಾರ ಡೊಂಬಿವ್ಲಿಗೆ ಬರೋಕೆ ನೆಪ ಬೇಕಾದವ್ರು."

ತಮಾಷೆಗೆ ಅಂದದ್ದು. ಆದರೆ ಬೆಂಚಿನಲ್ಲಿ ಕೂತಿದ್ದ ಇಬ್ಬರು ರಿಕ್ಷಾದವರು ಜೋರಾಗಿ ನಕ್ಕುಬಿಟ್ಟರು. ಸಂಕರ್ಷಣನ ಮುಖ ಕೆಂಪಾಯಿತು.

"ಅಮ್ಮ ಸಂಕಷ್ಟಿ ಉಪವಾಸ ಮಾಡಿ, ಟಿಟ್ವಾಳಾ ಗಣಪತಿಗೆ ಹೋಗ್ಲಿಕ್ಕೆ ರೆಡಿಯಾಗಿ ಕೂತಿದ್ರು. ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂತ ಅತ್ತೇ ಬಿಟ್ರು. ಅಮ್ಮನ ಗಾಡಿಯಲ್ಲಿ ಆಟ ಆಡುವವ ನಾನಲ್ಲ," ಎಂದು ಮೆಲ್ಲಗೆ ಹೇಳಿ ಹೊರಟುಹೋದ.

ಆ ವಾರ ಅವನು ಬರಲಿಲ್ಲ. ಮೆಸೇಜೂ ಇಲ್ಲ. ಬಿಳಿ ಗಾಡಿ ಕಂಡಾಗಲೆಲ್ಲ ಕತ್ತು ಉದ್ದ ಮಾಡಿ, ಬೇರೆಯವರದೆಂದು ತಿಳಿದು ಕೈಯಲ್ಲಿದ್ದ ಸ್ಪ್ಯಾನರ್ ಎತ್ತಿ ಕುಕ್ಕುತ್ತಿದ್ದೆ. ನಾಲಿಗೆಯನ್ನು ಹಿಡಿತದಲ್ಲಿಟ್ಟುಕೊಳ್ಳದ ನನ್ನ ಮೇಲೆ ನನಗೇ ಕೆಟ್ಟ ಕೋಪ. ಅವನು ಸುಳ್ಳು ಹೇಳುವವನಲ್ಲ ಎಂದಾದರೆ, ಗಾಡಿ ನನ್ನಲ್ಲಿ ಸರಿಯಿದ್ದು ಅವರ ಮನೆಯಲ್ಲೇ ಕೆಡುತ್ತಿದೆ ಎಂದಾಯಿತು. ಅದು ನಿಂತಲ್ಲೇ ಹೋಗಿ ನೋಡಬೇಕಿತ್ತು. ನಿಜ ಹೇಳಬೇಕೆಂದರೆ ನನಗೆ ಅವನನ್ನೂ ನೋಡಬೇಕಿತ್ತು.

ಭಾನುವಾರ ಬೆಳಿಗ್ಗೆ ಬಿಲ್ ಪುಸ್ತಕದಲ್ಲಿದ್ದ ಅವನ ವಿಳಾಸ ಬರೆದುಕೊಂಡು, ಮೀಟರನ್ನು ಬ್ಯಾಗಿಗೆ ತುರುಕಿ ಠಾಣೆಯ ಲೋಕಲ್ ಹತ್ತಿದೆ.

ಬಿಲ್ಡಿಂಗಿನ ಕೆಳಗೆ ಗಾಡಿ ಒರೆಸುತ್ತಿದ್ದವನು ನನ್ನನ್ನು ಕಂಡು ಬಟ್ಟೆ ಹಿಂಡುವುದನ್ನೇ ಮರೆತ.

"ಸಾರಿ ಹೇಳೋಕೆ ಬಂದೆ. ಮೀಟರೂ ತಂದಿದ್ದೀನಿ."

"ಸಾರಿಗೆ ಚಾರ್ಜ್ ಎಷ್ಟು?" ಮುಖ ಇನ್ನೂ ಬಿಗಿಯಾಗಿತ್ತು. ಆದರೆ ಬಲಗೆನ್ನೆ ಮಾತು ಕೇಳುತ್ತಿರಲಿಲ್ಲ.

ಮೀಟರ್ ಹಿಡಿದೆ. ಅಂಗಡಿಯಲ್ಲಿ ಹೆಚ್ಚೇನೂ ತೋರಿಸದ ಮೀಟರು ಇಂದು ಅರ್ಧ ಆಂಪಿಯರಿಗೆ ಹತ್ತಿರ! ಮೂರು ದಿನ ನಿಂತರೆ ಯಾವ ಬ್ಯಾಟರಿಯೂ ಮಲಗುತ್ತದೆ. ಒಂದೊಂದೇ ಫ್ಯೂಸ್ ಕೀಳುತ್ತ ಹೋದೆ. ಮೊಬೈಲ್ ಚಾರ್ಜ್ ಮಾಡುವ ಸಾಕೆಟಿನ ಫ್ಯೂಸ್ ಕಿತ್ತಾಗ ಅಂಕಿ ದಡಕ್ಕನೆ ಇಳಿಯಿತು.

ಒಳಗೆ ಬಗ್ಗಿ ನೋಡಿದೆ. ಡ್ಯಾಶ್‌ಬೋರ್ಡಿನ ಮೇಲೆ ಗೇಣುದ್ದದ ಕೃಷ್ಣ, ಕೊರಳಲ್ಲಿ ತುಳಸಿಮಾಲೆ. ಮಾಲೆಯ ಹಿಂದೊಂದು ಪುಟ್ಟ ಬಲ್ಬು. ಅದರ ವೈರು ಆ ಸಾಕೆಟಿನಲ್ಲಿತ್ತು. ಕೀ ತೆಗೆದರೂ ಆ ಸಾಕೆಟಿಗೆ ಕರೆಂಟು ಬರುತ್ತಲೇ ಇತ್ತು.

"ಎಕ್ಸ್‌ಟ್ರಾ ಎಂತದ್ದೂ ಇಲ್ಲ ಅಂದ್ರಲ್ಲ?"

"ಅದು ದೇವರ ದೀಪ. ದೇವರು ಎಕ್ಸ್‌ಟ್ರಾ ಹೇಗಾಗ್ತಾನೆ?"

"ಅಂಗಡಿಗೆ ಬಂದಾಗ ಇರ್ಲಿಲ್ಲ!"

"ಗ್ಯಾರೇಜಿಗೆ ಕಳಿಸುವಾಗ ಅಮ್ಮ ತೆಗೆದು ಒಳಗಿಡ್ತಾರೆ. ಗ್ರೀಸ್ ಕೈ ತಾಗಬಾರದು ಅಂತ."

ನಾನು ಫುಟ್‌ಪಾತಿನ ಮೇಲೇ ಕೂತು ನಕ್ಕೆ. ಅವನೂ ನಕ್ಕ. ಗಲಾಟೆ ಕೇಳಿ ಪ್ರಭಾ ಅಮ್ಮ ಇಳಿದು ಬಂದರು. ವಿಷಯ ತಿಳಿದು ಅವರಿಗೆ ಗಾಬರಿ.

"ಹಾಗಂತ ದೀಪ ಆರಿಸ್ಲಿಕ್ಕೆ ಆಗ್ತದಾ? ಕೃಷ್ಣನನ್ನು ಕತ್ತಲೆಯಲ್ಲಿ ಕೂರಿಸುವುದಾ?"

"ಆರಿಸೋದು ಬೇಡ ಅಮ್ಮ. ಎಲ್‌ಇಡಿ ಹಾಕೋಣ. ತುಂಬಾ ಕಡಿಮೆ ಕರೆಂಟ್ ಸಾಕು."

"ಆ ಬಿಳಿ ಬೆಳಕು ನನಗೆ ಆಗ್ಲಿಕ್ಕಿಲ್ಲ. ಆಸ್ಪತ್ರೆಯ ಹಾಗೆ."

"ಹಳದಿಯದೂ ಸಿಗುತ್ತೆ, ಎಣ್ಣೆ ದೀಪದ ಬಣ್ಣ."

ಮುಂದಿನ ಗಲ್ಲಿಯಿಂದ ಸಂಕರ್ಷಣ ಓಡಿಹೋಗಿ ತಂದ. ಬಲ್ಬು ಬದಲಿಸಲು ಕೃಷ್ಣನ ಪೀಠಕ್ಕೆ ಕೈ ಹಾಕಬೇಕು. ನನ್ನ ಉಗುರುಗಳಲ್ಲಿ ಐದು ವರ್ಷದ ಕಪ್ಪು. ಕೈ ಹಿಂದಕ್ಕೆಳೆದುಕೊಂಡು ಅವನ ಕಡೆ ಬಲ್ಬು ಚಾಚಿದೆ. ಪ್ರಭಾ ಅಮ್ಮ ಒಂದು ಕ್ಷಣ ನನ್ನ ಕೈಯನ್ನೇ ನೋಡಿದರು.

"ಅವನಿಗೆಂತ ಗೊತ್ತುಂಟು? ಮೇಲೆ ಬಂದು ಕೈ ತೊಳ್ಕೊ, ನೀನೇ ಹಾಕು. ಹಾಗೇ ತಿಂಡಿಯೂ ತಿಂದು ಹೋಗು."

ಕೈ ತೊಳೆದು ಬಂದು ನಾನೇ ಬಲ್ಬು ಹಾಕಿದೆ. ಆಮೇಲೆ ಮೂರು ಇಡ್ಲಿ ತಿಂದೆ. ಅಷ್ಟು ಖುಷಿ.

ಸ್ಟೇಷನ್‌ವರೆಗೆ ಸಂಕರ್ಷಣ ಜೊತೆಗೆ ಬಂದ. ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಹೊಳೆಯಿತು. ಗಾಡಿ ಸರಿಯಾಗಿದೆ. ಅವನು ಡೊಂಬಿವ್ಲಿಗೆ ಬರುವ ದಾರಿಯನ್ನು ನನ್ನ ಕೈಯಾರೆ ಮುಚ್ಚಿದ್ದೆ.

"ಇನ್ನು ಬ್ಯಾಟರಿ ಇಳಿಯಲ್ಲ," ಎಂದೆ, ಹಳಿ ನೋಡುತ್ತ.

"ಶ್ರೀಪ್ರಿಯಾ, ಲೈಟ್ ನಾನು ಆನ್ ಬಿಡ್ಲಿಲ್ಲ. ಆದ್ರೆ ಒಂದು ವಿಷಯ. ನೌಪಾಡಾದಲ್ಲೇ ನಾಲ್ಕು ಬ್ಯಾಟರಿ ಅಂಗಡಿ ಉಂಟು."

ನಾನು ತಿರುಗಿದೆ. ಅವನ ಕಿವಿಯವರೆಗೂ ಕೆಂಪು.

"ಅವತ್ತು ನನಗೆ ಕೋಪ ಬಂದದ್ದು ನೀವು ಸುಳ್ಳು ಹೇಳಿದ್ರಿ ಅಂತ ಅಲ್ಲ. ನಾನೇ ಹೇಳ್ಬೇಕು ಅಂತಿದ್ದದ್ದನ್ನು ನೀವು ರಿಕ್ಷಾದವರ ಎದುರು ಹೇಳಿಬಿಟ್ರಿ. ನನಗೆ ನೀವು ಬೇಕು. ಗಾಡಿ ಕೆಟ್ರೂ, ಕೆಡದಿದ್ರೂ."

ನಾನು ಅವನ ಶರ್ಟಿನ ತೋಳನ್ನು ಹಿಡಿದುಕೊಂಡೆ. ಆಮೇಲೆ ಬಿಡಲು ಮನಸ್ಸಾಗಲಿಲ್ಲ.

"ಮುಂದಿನ ಭಾನುವಾರ ಟ್ರೇನಿನಲ್ಲಿ ಬರ್ತೇನೆ," ಎಂದ.

"ಭಾನುವಾರ ಅಂಗಡಿ ಬಂದ್ ಇರುತ್ತೆ."

"ಗೊತ್ತುಂಟು. ಅದಕ್ಕೇ ಭಾನುವಾರ."

ಡೊಂಬಿವ್ಲಿಗೆ ಹೋಗುವ ಕಲ್ಯಾಣ್ ಫಾಸ್ಟ್ ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ.