ಗುರುವಾರ ಬನ್ನಿ

ಬುಧವಾರ ಬೆಳಿಗ್ಗೆ ಆಕೆ ಸ್ಪ್ರಿಂಗ್ ಅಂಗಡಿಯ ಷಟರ್ ಎತ್ತಿ ಕೌಂಟರಿನ ಧೂಳು ಒರೆಸುತ್ತಿದ್ದಾಗ ಪಕ್ಕದ ಗ್ಯಾರೇಜಿನ ಮೇಸ್ತ್ರಿ ಬಂದು ನಿಂತ. ಎಂದಿನ ತಮಾಷೆ ಇಲ್ಲ. ಕೈಯ ಗ್ರೀಸನ್ನು ಹಳೆಯ ಬಟ್ಟೆಗೆ ಒರೆಸುತ್ತ ಎಲ್ಲೋ ನೋಡುತ್ತ ಹೇಳಿದ.

"ಅಕ್ಕಾ, ಆ ಹಸಿರು ಜೀಪಿನವನ ಹೆಂಡ್ತಿ ಹೋಗ್ಬಿಟ್ರಂತೆ. ಬೆಳಗಿನ ಜಾವ."

"ಯಾರು ಹೇಳಿದ್ದು?"

"ಅವನೇ ಫೋನ್ ಮಾಡಿದ್ದ. ನಾಳೆ ಗಾಡಿ ತರಲ್ಲ, ಅವರಿಗೂ ಹೇಳಿಬಿಡು ಅಂದ. ಪಾಪ, ಅಂಥ ಹೊತ್ತಲ್ಲೂ ನಿಮ್ಮ ಸ್ಪ್ರಿಂಗ್ ನೆನಪಿಟ್ಕೊಂಡಿದಾನೆ ನೋಡಿ."

ಮೇಸ್ತ್ರಿ ಹೋದ. ಆಕೆ ಹಾಗೇ ನಿಂತಳು. ಕೌಂಟರಿನ ಕೆಳಗೆ ಕಾಲಿಗೆ ಏನೋ ತಣ್ಣಗೆ ತಾಗಿತು. ಗೋಣಿಯಲ್ಲಿ ಸುತ್ತಿಟ್ಟ ಎರಡು ಸ್ಪ್ರಿಂಗುಗಳು. ಅವು ಸೋಮವಾರ ಬೆಳಿಗ್ಗೆಯೇ ಬಂದಿದ್ದವು. ಸೋಮವಾರ ಮಧ್ಯಾಹ್ನ ಅವನು ಬಂದು ಕೇಳಿದಾಗ ಆಕೆ, "ಇನ್ನೂ ಬಂದಿಲ್ಲ, ಗುರುವಾರ ಬನ್ನಿ" ಎಂದಿದ್ದಳು. ಮಂಗಳವಾರ ಅವನ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನವೆಂಬುದು ಆಕೆಗೆ ಗೊತ್ತಿತ್ತು.

ಅವನು ಮೊದಲ ಸಲ ಬಂದದ್ದು ಜಗಳಕ್ಕೆ ಬಂದವನ ಹಾಗೆ.

"ರೀ, ಜೀಪಿಗೆ ಮೆತ್ತಗಿರೋ ಸ್ಪ್ರಿಂಗ್ ಬೇಕು. ಎಲ್ಲ ಅಂಗಡಿಯವರೂ ಗಟ್ಟೀದೇ ತೋರಿಸ್ತಾರೆ."

"ಮೆತ್ತಗೆ ಬೇಕಂದ್ರೆ ಎದುರುಗಡೆ ಹಾಸಿಗೆ ಅಂಗಡಿ ಇದೆಯಲ್ಲ."

ಅವನು ನಗಲಿಲ್ಲ. "ನಮ್ಮನೆ ಗುಡ್ಡದ ಮೇಲಿದೆ. ಅಲ್ಲಿಗೆ ಟಾರು ರಸ್ತೆ ಇಲ್ಲ. ಹೆಂಡ್ತಿಗೆ ಮೂಳೆ ಕಾಯಿಲೆ. ನಮ್ಮತ್ತೇನೇ ಬಂದಿದ್ದು ನೋಡ್ಕೋತಿದಾರೆ. ವಾರವಾರ ಆಸ್ಪತ್ರೆಗೆ ಇಳಿಸ್ಬೇಕು. ದಾರೀಲಿರೋ ಒಂದೊಂದು ಕಲ್ಲೂ ಅವಳ ಬೆನ್ನಿಗೇ ಹೊಡೆಯುತ್ತೆ" ಎಂದ.

ಆಕೆ ನಾಲಿಗೆ ಕಚ್ಚಿಕೊಂಡಳು. ಸ್ಟೂಲು ಎಳೆದು ಕೂರಿಸಿ ನೀರು ಕೊಟ್ಟಳು.

ಆ ಜೀಪು ಸಿಮೆಂಟು, ನೀರಿನ ಟ್ಯಾಂಕು, ಕಬ್ಬಿಣದ ಸರಳುಗಳನ್ನು ಗುಡ್ಡಕ್ಕೆ ಹೊರುವ ಗಾಡಿ. ಹಿಂಬದಿಯ ಸ್ಪ್ರಿಂಗು ಭಾರಕ್ಕೆಂದೇ ದಪ್ಪ ತಂತಿಯಲ್ಲಿ ಮಾಡಿದ್ದು. ಭಾರ ಹೇರಿದಾಗ ಅದು ಕುಗ್ಗಿ ಕೆಲಸ ಮಾಡುತ್ತದೆ, ಗಾಡಿ ಖಾಲಿಯಿದ್ದರೆ ಕಲ್ಲಿನಂತೆ ನಿಂತುಬಿಡುತ್ತದೆ. ತಂತಿ ಸಣ್ಣದಾದರೆ ಸ್ಪ್ರಿಂಗು ಮೆತ್ತಗಾಗುತ್ತದೆ. ಆದರೆ ಗಾಡಿ ತಗ್ಗಿ ಹೊಟ್ಟೆ ಬಂಡೆಗೆ ಬಡಿಯುತ್ತದೆ. ಮೆತ್ತಗೂ ಇರಬೇಕು, ಎತ್ತರವೂ ಇಳಿಯಬಾರದು. ಅಂಥದ್ದನ್ನು ಆರಿಸುವುದು ಸುಲಭದ ಕೆಲಸವಲ್ಲ.

"ಹಿಂದೆ ಎಷ್ಟು ಭಾರ ಇರುತ್ತೆ?" ಆಕೆ ಕೇಳಿದಳು.

"ಅವಳೊಬ್ಬಳೇ. ಅವಳೂ ಈಗ ಬರೀ ಹಗುರ."

ಆ ಮಾತಿಗೆ ಆಕೆಯ ಮನಸ್ಸು ಕರಗಿತು. ಕರುಣೆಯಿಂದಲೇ ಕರಗಿತು, ಅದರಲ್ಲಿ ದೋಷವಿರಲಿಲ್ಲ. ಆದರೆ ಕರಗಿದ ಮನಸ್ಸು ಯಾವ ಕಡೆಗೆ ಹರಿಯುತ್ತದೆ ಎಂಬುದು ದೇವರಿಗೊಬ್ಬನಿಗೇ ಗೊತ್ತು.

ಅವನು ಮತ್ತೆ ಬಂದ. ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿನವರೆಗೆ ಅಳತೆ ಹಿಡಿದರು. ಟೇಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಆಕೆಯ ಕೈಯಲ್ಲಿ. ಮತ್ತೊಂದು ಸಲ ಬೇರೆಬೇರೆ ಸ್ಪ್ರಿಂಗುಗಳನ್ನು ಕೌಂಟರಿನ ಮೇಲೆ ಸಾಲಾಗಿ ನಿಲ್ಲಿಸಿ ನೋಡಿದರು. ಅವನ ಕಣ್ಣು ಸುತ್ತುಗಳನ್ನು ಎಣಿಸುತ್ತ ಮೇಲೇರಿ, ಕೊನೆಯ ಸುತ್ತನ್ನೂ ದಾಟಿ, ಆಕೆಯ ಮುಖದ ಬಳಿ ಬಂದು ಲೆಕ್ಕ ತಪ್ಪುತ್ತಿತ್ತು.

"ಎಷ್ಟಾಯ್ತು?"

"ಮರೆತೋಯ್ತು. ಮೊದಲಿಂದ ಎಣಿಸ್ತೀನಿ."

"ಸ್ಕೂಲಲ್ಲೂ ಹೀಗೇನಾ?"

"ಸ್ಕೂಲಲ್ಲಿ ಎದುರಿಗೆ ಮೇಷ್ಟ್ರು ಇರ್ತಿದ್ರು ಕಣ್ರೀ."

ಮೇಸ್ತ್ರಿ ಗ್ಯಾರೇಜಿನಿಂದಲೇ ಕೂಗುತ್ತಿದ್ದ: "ಏನಕ್ಕಾ, ಮದುವೆ ಬಟ್ಟೆ ಆರಿಸೋಕೂ ಇಷ್ಟು ಹೊತ್ತು ಬೇಕಾಗಲ್ಲ! ಎರಡು ಸ್ಪ್ರಿಂಗಿಗೆ ಇಷ್ಟು ಚರ್ಚೆನಾ?"

ಆ ಬೀದಿಯವರೆಲ್ಲ ಆಕೆಯನ್ನು "ಸ್ಪ್ರಿಂಗಕ್ಕ" ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಜೊತೆಗೆ ಬಂದ ಹೆಸರು ಅದು. ಇವನೊಬ್ಬ ಮಾತ್ರ ಅಕ್ಕ ಎನ್ನಲಿಲ್ಲ. "ರೀ" ಎನ್ನುತ್ತಿದ್ದ. ಅಷ್ಟು ಸಣ್ಣ ಅಕ್ಷರಕ್ಕೆ ತಾನು ಕಾಯುತ್ತಿದ್ದೇನೆಂದು ತಿಳಿದ ದಿನ ಆಕೆ ರಾತ್ರಿಯ ಅನ್ನವನ್ನು ಹಾಗೇ ಮುಚ್ಚಿಟ್ಟಳು. ಗುಡ್ಡದ ಮೇಲೆ ಒಬ್ಬಳು ನೋವಿನಲ್ಲಿ ಮಲಗಿದ್ದಾಳೆ. ಅವಳ ಗಂಡನ ಹೆಜ್ಜೆ ಸದ್ದಿಗೆ ಇಲ್ಲಿ ತಾನು ತಲೆಗೂದಲು ಸರಿಮಾಡಿಕೊಳ್ಳುತ್ತೇನೆ. ಇದು ತಪ್ಪೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೂ ಸೋಮವಾರ ಆ ಸುಳ್ಳು ಬಂದೇಬಿಟ್ಟಿತು. ಸ್ಪ್ರಿಂಗು ಕೊಟ್ಟರೆ ಕೆಲಸ ಮುಗಿಯಿತು. ಆಮೇಲೆ ಅವನು ಬರುವುದಕ್ಕೆ ಕಾರಣವಿಲ್ಲ. ಇನ್ನೊಂದೇ ಒಂದು ಸಲ ಬರಲಿ, ಅಷ್ಟರಲ್ಲಿ ಏನು ಮುಳುಗಿಹೋಗುತ್ತದೆ ಎಂದುಕೊಂಡಿದ್ದಳು.

ಸಾವಿನ ಮನೆಗೆ ಹೋಗಲು ಆಕೆಗೆ ಧೈರ್ಯ ಸಾಲಲಿಲ್ಲ. ದಿನಗಳು ಕಳೆದವು. ಮೇಸ್ತ್ರಿ ಎರಡು ಮೂರು ಸಲ, "ಅಕ್ಕಾ, ಹುಷಾರಿಲ್ವಾ?" ಎಂದು ಕೇಳಿದ. ಕೌಂಟರಿನ ಕೆಳಗಿನ ಗೋಣಿಯನ್ನು ಆಕೆ ಮುಟ್ಟಲಿಲ್ಲ. ಗಿರಾಕಿ ಬಂದಾಗಲೂ ಅತ್ತ ಕಾಲು ಚಾಚಲಿಲ್ಲ.

ಕೊನೆಗೊಂದು ಮಧ್ಯಾಹ್ನ ಜೀಪು ಬಂದು ನಿಂತಿತು. ಅವನು ಇಳಿದ. ಇಳಿದುಹೋದ ಕೆನ್ನೆ, ಗುಂಡಿ ತಪ್ಪಿದ ಅಂಗಿ. ಸ್ಟೂಲಿನ ಮೇಲೆ ಕೂತ.

"ರೀ, ಒಂದು ಕೇಳ್ತೀನಿ. ಈಗ ಯಾವ ಸ್ಪ್ರಿಂಗ್ ಹಾಕಿಸ್ಲಿ? ಮೊದಲಿನ ಹಾಗೆ ಬರೀ ಸಿಮೆಂಟು ಹೊತ್ಕೊಂಡು ಬದುಕೋದಾದ್ರೆ ಇರೋದೇ ಸಾಕು."

"ಇಲ್ಲಾಂದ್ರೆ?"

"ಇಲ್ಲಾಂದ್ರೆ..." ಅವನು ನೆಲ ನೋಡಿದ. "ಯಾರಾದ್ರೂ ಜೊತೆಗೆ ಕೂರೋರಿದ್ರೆ, ಮೆತ್ತಗಿರೋದು ಬೇಕು. ಇಷ್ಟು ಬೇಗ ಕೇಳ್ಬಾರದು, ಗೊತ್ತು. ಕೇಳದೆ ಹೋದ್ರೆ ನಾಳೆನೂ ಇದೇ ನೆಪ ಹಿಡ್ಕೊಂಡು ಬರ್ತೀನಿ. ನೆಪ ಸಾಕಾಗಿದೆ ನನಗೆ."

ಎಷ್ಟು ರಾತ್ರಿ ಆಕೆ ಈ ಮಾತನ್ನು ಕನಸಿನಲ್ಲಿ ಕೇಳಿದ್ದಳೋ! ಈಗ ಅದು ಎದುರಿಗೇ ಬಂದಿತ್ತು. ಹೂಂ ಎಂದರೆ ಸುಳ್ಳಿನ ಮೇಲೆ ಮನೆ ಕಟ್ಟಿದಂತೆ. ಊಹೂಂ ಎಂದರೆ ಅದೂ ಇನ್ನೊಂದು ಸುಳ್ಳು.

"ಉತ್ತರ ಹೇಳ್ತೀನಿ. ಅದಕ್ಕೆ ಮುಂಚೆ ನನ್ನನ್ನ ಜೀಪಿನ ಹಿಂದೆ ಕೂರಿಸ್ಕೊಂಡು ಗುಡ್ಡ ಹತ್ತಿಸಿ."

"ಹಿಂದೆ ಯಾಕೆ? ಮುಂದೆ ಕೂತ್ಕೊಳ್ಳಿ."

"ಅವರು ಎಲ್ಲಿ ಮಲಗ್ತಿದ್ರೋ ಅಲ್ಲಿ."

ಟಾರು ರಸ್ತೆ ಮುಗಿದೊಡನೆ ಕಲ್ಲು ಶುರುವಾಯಿತು. ಆಕೆ ಹಲಗೆಯ ಮೇಲಿನ ತೆಳ್ಳನೆಯ ಹಾಸಿಗೆಯಲ್ಲಿ ಮಲಗಿ ಕಂಬಿ ಹಿಡಿದಿದ್ದಳು. ಮೊದಲ ಬಂಡೆಗೆ ಸೊಂಟ ಝಲ್ಲೆಂದಿತು. ಎರಡನೆಯದಕ್ಕೆ ಹಲ್ಲು ಹಲ್ಲಿಗೆ ಬಡಿಯಿತು. ತನ್ನ ಮೂಳೆ ಗಟ್ಟಿಯಾಗಿದೆ. ಗಟ್ಟಿಯಾದ ಮೂಳೆಗೇ ಇಷ್ಟಾದರೆ! ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. ಅವನು ನಿಧಾನ ಮಾಡಿದಾಗ, "ಬೇಡ, ಅವತ್ತು ಹೇಗೆ ಹೋದ್ರೋ ಹಾಗೇ ಹೋಗಿ" ಎಂದು ಕೂಗಿದಳು.

ಒಂದು ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿಯೇಬಿಟ್ಟ. ಇಳಿದು ಬಂದು ಹಿಂದಿನ ಬಾಗಿಲು ತೆರೆದ.

"ಸಾಕು. ನನ್ನ ಕೈಲಾಗಲ್ಲ."

ಆಕೆ ಎದ್ದು ಕೂತು ಹೇಳಿದಳು. ತಲೆ ತಗ್ಗಿಸದೆ, ಒಂದೇ ಉಸಿರಿಗೆ. "ಸ್ಪ್ರಿಂಗ್ ಸೋಮವಾರವೇ ಬಂದಿತ್ತು. ನೀವು ಕೇಳಿದಾಗ ನನ್ನ ಕಾಲ ಹತ್ರಾನೇ ಇತ್ತು. ನೀವು ಇನ್ನೊಂದ್ಸಲ ಬರ್ಲಿ ಅಂತ ಸುಳ್ಳು ಹೇಳ್ದೆ. ಅವರ ಕೊನೇ ದಾರಿ ಈ ಕಲ್ಲಿನ ಮೇಲೆ ಆಗಿದ್ದು ನನ್ನಿಂದ."

ಅವನು ರಸ್ತೆಯ ಬದಿಯ ಬಂಡೆಯ ಮೇಲೆ ಕುಸಿದು ಕೂತ. ಸಿಟ್ಟು ಬರುತ್ತದೆಂದು ಆಕೆ ಕಾದಳು. ಸಿಟ್ಟೇ ಬಂದರೆ ಎಷ್ಟೋ ಹಗುರವಾಗುತ್ತಿತ್ತು.

"ನಾನು ನೋಡಿದ್ದೆ" ಎಂದ.

"ಏನು?"

"ಗೋಣಿ. ಬಾಯಿ ಬಿಚ್ಚಿತ್ತು, ಹೊಸ ಬಣ್ಣ ಕಾಣ್ತಿತ್ತು. ಅದೇ ನಮ್ಮದು ಅಂತ ಗೊತ್ತಾಯ್ತು. ಕೇಳ್ಬಹುದಿತ್ತು. ಕೇಳಲಿಲ್ಲ. 'ಆಯ್ತು, ಗುರುವಾರ ಬರ್ತೀನಿ' ಅಂತ ಖುಷಿಯಾಗೇ ಹೋದೆ ನಾನು." ಅವನು ಮುಖ ಮುಚ್ಚಿಕೊಂಡ. "ಮಂಗಳವಾರ ಇದೇ ತಿರುವಲ್ಲಿ ಅವಳು, 'ಸ್ವಲ್ಪ ನಿಧಾನ ಕಣ್ರೀ' ಅಂದ್ಲು. ಗುರುವಾರದಿಂದ ಈ ಕಷ್ಟ ಇರಲ್ಲ ಕಣೇ ಅಂದೆ. 'ಸರಿ ಬಿಡಿ, ಗುರುವಾರ' ಅಂತ ನಕ್ಕಳು. ನನ್ನನ್ನ ಸಮಾಧಾನ ಮಾಡೋಕೆ ನಕ್ಕಳು."

ಅವನ ಹೆಂಡತಿಯನ್ನು ಕರೆದೊಯ್ದದ್ದು ಕಾಯಿಲೆ. ಡಾಕ್ಟರು ಮೊದಲೇ ಹೇಳಿದ್ದರು, ಅದು ಇಬ್ಬರಿಗೂ ಗೊತ್ತು. ಆದರೆ ಕೊನೆಯ ಒಂದು ದಾರಿಯನ್ನು ಮೆತ್ತಗೆ ಮಾಡಬಹುದಾಗಿತ್ತು. ಮಾಡಲಿಲ್ಲ. ಅಷ್ಟನ್ನು ಯಾವ ಡಾಕ್ಟರೂ ಅವರ ತಲೆಯಿಂದ ಇಳಿಸಲಾರ.

ಆಕೆ ಕೆಳಗಿಳಿದು ಅವನ ಪಕ್ಕ ನಿಂತಳು. ಮುಟ್ಟಲಿಲ್ಲ.

"ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೌದು. ಅದನ್ನ ಇಲ್ಲಿ ಕದ್ದು ಇಟ್ಕೊಳ್ಳೋದು ಬೇಡ. ನಿಮ್ಮತ್ತೆ ಮನೇಲಿದ್ದಾರಲ್ಲ, ಅವರಿಗೆ ಎಲ್ಲಾನೂ ಹೇಳೋಣ. ಅವರು ಬಾಗಿಲು ಹಾಕ್ಕೊಂಡ್ರೆ ನಾನು ನಡ್ಕೊಂಡೇ ಇಳೀತೀನಿ."

ಅತ್ತೆ ಮಗಳ ಬಟ್ಟೆಗಳನ್ನು ಮಡಿಸುತ್ತ ಕೂತಿದ್ದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಇಬ್ಬರೂ ನಿಂತೇ ಹೇಳಿದರು. ಅವನು ಅರ್ಧ, ಆಕೆ ಅರ್ಧ. ಸ್ಪ್ರಿಂಗಿನ ವಿಷಯ, ಮನಸ್ಸಿನ ವಿಷಯ, ಯಾವುದನ್ನೂ ಬಿಡಲಿಲ್ಲ. ಮುದುಕಿಯ ಕೈ ಒಂದು ರವಿಕೆಯ ಮೇಲೆ ನಿಂತುಬಿಟ್ಟಿತು.

"ಸಿಟ್ಟಿಲ್ಲ ಅಂತ ಹೇಳಲ್ಲಪ್ಪ" ಎಂದರು ಕೊನೆಗೆ. "ಇದೆ. ಇವತ್ತೂ ಇರುತ್ತೆ, ನಾಳೆನೂ ಇರುತ್ತೆ. ಹೆತ್ತ ಹೊಟ್ಟೆ ಇದು." ಅಳಿಯನ ಕಡೆ ತಿರುಗಿದರು. "ಆದ್ರೆ ನೀನು ದಿನಾ ಗೋಡೆ ನೋಡ್ಕೊಂಡು ಉಣ್ಣೋದನ್ನ ನೋಡೋಕೂ ನನ್ನಿಂದಾಗಲ್ಲ."

"ಅಮ್ಮಾ, ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ" ಎಂದಳು ಆಕೆ.

"ಕ್ಷಮಿಸೋಕೆ ನಾನ್ಯಾರು? ನೋವು ತಿಂದೋಳು ಅವಳು, ಅವಳನ್ನ ಕೇಳು." ಗೋಡೆಯ ಮೇಲಿನ ಫೋಟೋ ತೋರಿಸಿದರು. ಮಡಿಸಿದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಚಾಪೆಯಲ್ಲಿ ಜಾಗ ಮಾಡಿದರು. "ಕೂತ್ಕೋ. ನಿಂತ್ಕೊಂಡು ಕೇಳೋ ಮಾತಲ್ಲ ಅದು. ನೀನೂ ಕೂತ್ಕೊಳ್ಳಪ್ಪ."

ಮೂವರೂ ಕೂತರು. ಆಕೆಯ ಮತ್ತು ಅವನ ನಡುವೆ ಆ ಬಟ್ಟೆಗಳ ರಾಶಿ. ಸಂಜೆಯ ಬಿಸಿಲು ಕಿಟಕಿಯಿಂದ ಬಂದು ಫೋಟೋದ ನಗುವಿನ ಮೇಲೆ ಬಿದ್ದಿತ್ತು. ಮುದುಕಿ ಕೈ ಜೋಡಿಸಿದರು, ಉಳಿದಿಬ್ಬರೂ ಜೋಡಿಸಿ ಒಳಗೊಳಗೇ ಬೇಡಿಕೊಂಡರು.

ದೇವರೇ, ನಮ್ಮ ಸ್ವಾರ್ಥ ನಿನಗೆ ಗೊತ್ತು. ಅದರ ಭಾರವನ್ನು ನಾವು ಹೊರುತ್ತೇವೆ, ಅವಳ ಮೇಲೆ ಹೇರಬೇಡ. ಬಹಳ ನೊಂದು ಬಂದ ಜೀವ ಅದು. ಅವಳು ಈಗ ನಡೆಯುವ ದಾರಿಯಲ್ಲಿ ಒಂದು ಕಲ್ಲೂ ಇಲ್ಲದಂತೆ ಮಾಡು. ನಿನ್ನ ಪಾದದ ಬಳಿ ಅವಳಿಗೆ ನೋವಿಲ್ಲದ ನಿದ್ದೆ ಕೊಡು. ಆ ಜೀವಕ್ಕೆ ಶಾಂತಿ ಕೊಡು.