ನೋಡೋಕೆ ನಮ್ಮೋರ ಥರ

"ಬಾಂಬ್! ಇವನ ಹತ್ರ ಬಾಂಬ್ ಇದೆ! ಯಾರಾದ್ರೂ ಕಾಪಾಡ್ರಪ್ಪಾ!"

ಕೂಗಿದವನು ಶಿವರಾಮ್. ಸ್ಫೋಟಕ ಇದ್ದದ್ದು ಅವನ ಹೆಗಲ ಮೇಲಿನ ಬ್ಯಾಗಿನಲ್ಲೇ!

ಅದು ಗೊತ್ತಿದ್ದದ್ದು ಮೂರೇ ಜನಕ್ಕೆ. ಅವನಿಗೆ, ಅವನ ರಟ್ಟೆ ಹಿಡಿದಿದ್ದ ಸಬ್ ಇನ್ಸ್‌ಪೆಕ್ಟರ್ ನದಾಫ್‌ಗೆ, ಮತ್ತೆ ನನಗೆ.

ನಾನು ಜಯಶೀಲಾ. ಮೊದಲು ಹೆಡ್ ಕಾನ್‌ಸ್ಟೆಬಲ್. ಈಗ ಬನಶಂಕರಿಯಲ್ಲಿ ಸ್ವಂತ ಡಿಟೆಕ್ಟಿವ್ ಏಜೆನ್ಸಿ. ಕಲ್ಲು ಕ್ವಾರಿಯ ಪಿಳ್ಳಪ್ಪ ನನ್ನನ್ನು ಕರೆಸಿ, "ಮೇಡಂ, ಗೋಡೌನಿಂದ ಜಿಲೆಟಿನ್ ಕಡ್ಡಿ ಮಾಯ ಆಗ್ತಿದೆ" ಅಂದಿದ್ದ. ಕದಿಯುತ್ತಿದ್ದವನು ಅವನದೇ ಸ್ಟೋರ್ ಕೀಪರ್, ಈ ಶಿವರಾಮ್. ಬಂಡೆ ಸಿಡಿಸುವ ಸರಕು ಅದು. ಊರೊಳಗೆ ಯಾರಿಗೋ ಮಾರುತ್ತಿದ್ದ. ಇವತ್ತು ಬ್ಯಾಗ್ ಕೈ ಬದಲಾದರೆ ನಾಳೆ ಎಲ್ಲೋ ಹೆಣ ಬೀಳುತ್ತದೆ. ಅದಕ್ಕೇ ನದಾಫ್‌ಗೆ ಫೋನ್ ಮಾಡಿದ್ದೆ. ಗದಗಿನವನು. ನನ್ನ ಹಳೇ ಸ್ಟೇಷನ್ನಿನವನು. ಚಿನ್ನದಂಥ ಹುಡುಗ.

ಮಫ್ತಿಯಲ್ಲಿ ಬಂದಿದ್ದ. ಮುಖದ ತುಂಬ ಗಡ್ಡ. ಶಿವರಾಮನಿಗೆ ಇಸ್ತ್ರಿ ಹಾಕಿದ ಶರ್ಟು, ಹಣೆಗೆ ಕುಂಕುಮ.

ಕುಮಾರಸ್ವಾಮಿ ಲೇಔಟ್ ಬಸ್ ಸ್ಟಾಪಿನಲ್ಲಿದ್ದವರು ಇಬ್ಬರನ್ನೂ ಒಂದು ಸಲ ನೋಡಿದರು. ಅಷ್ಟೇ... ತೀರ್ಪು ಆಗಿಹೋಯಿತು!

ಮೊದಲ ಏಟು ನದಾಫ್‌ನ ಕಿವಿಗೆ ಬಿತ್ತು.

"ನಾ ಪೊಲೀಸ್ ಅದೀನ್ರಿ! ಕಾರ್ಡ್ ನೋಡ್ರಿ ಮೊದಲ!"

"ಯಾವ ಊರ ಕನ್ನಡನೋ ಇದು? ಎಲ್ಲಿ ಕಲ್ತ್ಕೊಂಡ್ ಬಂದೆ?"

ಒಬ್ಬ ಕಾರ್ಡ್ ಕಿತ್ತುಕೊಂಡ. ಹೆಸರು ಓದಿದ.

"ಡೂಪ್ಲಿಕೇಟ್ ಗುರು! ಇವ್ರನ್ನೆಲ್ಲಾ ಅಂಥ ಕೆಲ್ಸಕ್ಕೆ ಯಾರ್ ತಗೋತಾರೆ?"

ನಾನು ನುಗ್ಗಿದೆ. "ಬಿಡ್ರೋ! ಅವ್ರು ಎಸ್ಐ! ಬ್ಯಾಗ್ ಇರೋನ್ನ ಹಿಡೀರಿ!"

"ಇವಳೂ ಅವನ ಕಡೆಯೋಳೇ!" ಒಬ್ಬ ನನ್ನ ಜಡೆ ಹಿಡಿದು ಎಳೆದ. ಮೊಣಕೈಯಿಂದ ಅವನ ಮೂಗಿಗೆ ಕೊಟ್ಟೆ. ಬಿಟ್ಟ.

ಆಗ ಶಿವರಾಮ್ ಕಂಡ. ಸ್ಕೂಟರಿನ ಹಿಂದಿನ ಸೀಟಿನಲ್ಲಿ! ಅದೇ ಲೇಔಟಿನ ಅನಂತರಾಮು ಅಂಕಲ್ ಪಾಪ ಅಂತ ಹತ್ತಿಸಿಕೊಳ್ಳುತ್ತಿದ್ದರು.

"ಹೆದರ್ಕೋಬೇಡಿ. ನಾನ್ ಡ್ರಾಪ್ ಮಾಡ್ತೀನಿ" ಅನ್ನುತ್ತಿದ್ದರು.

ಇಲ್ಲಿ ನದಾಫ್ ನೆಲಕ್ಕೆ ಬಿದ್ದಿದ್ದಾನೆ. ಅಲ್ಲಿ ಬ್ಯಾಗ್ ಹೊರಟಿದೆ. ಯಾವುದನ್ನು ಬಿಡಲಿ?

ಕಾಲುಗಳ ಸಂದಿಯಿಂದ ಅವನ ದನಿ ಬಂತು. "ಅಕ್ಕಾರ, ನನ್ನ ಬಿಡ್ರಿ! ಬ್ಯಾಗಿನ ಹಿಂದ ಹೋಗ್ರಿ!"

ಹೋದೆ. ಅವನನ್ನು ಆ ಜನರ ಕೈಗೆ ಬಿಟ್ಟು ಹೋದೆ.

ಗಾಡಿ ಸ್ಟಾರ್ಟ್ ಮಾಡುತ್ತಲೇ ನದಾಫ್‌ನ ತಂಡಕ್ಕೆ ಫೋನ್ ಮಾಡಿದೆ. "ಎಲ್ಲಿದ್ದೀರಿ? ನಿಮ್ಮ ಸಾಹೇಬ್ರನ್ನ ಸಾಯಿಸ್ತಿದ್ದಾರೆ!"

"ಬನಶಂಕರಿ ಸಿಗ್ನಲ್ ಮೇಡಂ... ಜಾಮ್..."

ಥೂ!

ಉತ್ತರಹಳ್ಳಿ ರೋಡ್. ಮುಂದೆ ಬಿಎಂಟಿಸಿ ಬಸ್ಸು, ಪಕ್ಕದಲ್ಲಿ ನೀರಿನ ಟ್ಯಾಂಕರ್. ಮಧ್ಯೆ ನುಗ್ಗಿದೆ. ಟ್ಯಾಂಕರಿನವನು ನನ್ನ ವಂಶವನ್ನೆಲ್ಲಾ ಬೈದ. ಸುಬ್ರಹ್ಮಣ್ಯಪುರದ ಹತ್ತಿರ ಹಂಪ್ ಬಂತು. ಅಂಕಲ್ ಬ್ರೇಕ್ ಹಾಕಿದರು. ಅಡ್ಡ ಹಾಕಿ ನಿಲ್ಲಿಸಿದೆ!

"ಏನಮ್ಮಾ, ಕಣ್ಣು ಕಾಣಲ್ವಾ? ಪಾಪ ಇವ್ರು ಮೊದ್ಲೇ ಶಾಕಲ್ಲಿದಾರೆ!"

"ಅಂಕಲ್, ಇಳೀರಿ. ದೂರ ಹೋಗಿ."

"ಯಾಕೆ? ನೀವ್ಯಾರು?"

ಉತ್ತರ ಶಿವರಾಮನೇ ಕೊಟ್ಟ. ಅಂಕಲ್ ಕುತ್ತಿಗೆಗೆ ಚಾಕು ಹಿಡಿದ.

"ದಾರಿ ಬಿಡು. ಇಲ್ಲಾಂದ್ರೆ ಮುದುಕ ಹೋಗ್ತಾನೆ."

"ಸರಿ. ಬಿಟ್ಟೆ." ಹೆಲ್ಮೆಟ್ ತೆಗೆದೆ. ಶರಣಾದೆ ಅಂದುಕೊಂಡ... ದಡ್ಡ! ಬೀಸಿ ಅವನ ಮಣಿಕಟ್ಟಿಗೆ ಹೊಡೆದೆ. ಚಾಕು ಹಾರಿತು. ಎರಡನೆಯ ಏಟು ದವಡೆಗೆ. ಅದು ನದಾಫ್‌ನ ಲೆಕ್ಕದ್ದು.

ಬ್ಯಾಗಿನ ಜಿಪ್ ಎಳೆದೆ. ಜಿಲೆಟಿನ್ ಕಡ್ಡಿಗಳು. ಡಿಟೋನೇಟರ್‌ಗಳು. ಅಂಕಲ್ ಫುಟ್‌ಪಾತಿನಲ್ಲಿ ಕುಸಿದು ಕೂತರು.

"ನೋಡೋಕೆ ನಮ್ಮೋರ ಥರಾನೇ ಇದ್ದ ಮೇಡಂ..."

ಬ್ಯಾಗಿನ ಜಿಪ್ ಮತ್ತೆ ಎಳೆದು ಮುಚ್ಚಿದೆ. ಮಾತಾಡಿದ್ದರೆ ಮೂರನೆಯ ಏಟು ಅವರಿಗೆ ಬೀಳುತ್ತಿತ್ತು.

ಯಾರೂ ಸಾಯಲಿಲ್ಲ. ಸರಕು ಕೊಳ್ಳಲು ಬಂದವನೂ ಅದೇ ಸಂಜೆ ಸಿಕ್ಕಿಬಿದ್ದ. ನದಾಫ್‌ನ ಎಡಗಣ್ಣು ಮಾತ್ರ ಹೋಯಿತು. ಹೊಡೆದವರ ಮುಖಗಳು ಹತ್ತಾರು ವಿಡಿಯೊಗಳಲ್ಲಿವೆ. ಕೇಸ್ ಮಾತ್ರ "ಅಪರಿಚಿತರ" ಮೇಲೆ!

ಆಮೇಲೆ ಲೇಔಟಿನ ನಿವಾಸಿಗಳ ಸಂಘದವರು ಸಮಾರಂಭ ಮಾಡಿದರು. "ಜಾಗೃತ ನಾಗರಿಕರಿಗೆ ಸನ್ಮಾನ." ಅನಂತರಾಮು ಅಂಕಲ್‌ಗೆ ಶಾಲು, ಹಾರ, ಪೇಟ. ಉಗ್ರನನ್ನು ಉಪಾಯವಾಗಿ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಹಿಡಿಸಿದರಂತೆ! ಅಂಕಲ್ ತಲೆ ತಗ್ಗಿಸಿದರು. ಅಲ್ಲ ಅನ್ನಲಿಲ್ಲ.

ನನ್ನನ್ನೂ ಕರೆದಿದ್ದರು. ಮೈಕ್ ಕೈಗೆ ಕೊಟ್ಟರು.

"ಅವತ್ತು ನೀವು ಹೊಡೆದದ್ದು ಪೊಲೀಸ್ ಆಫೀಸರ್‌ಗೆ. ನಿಮ್ಮ ಮಕ್ಕಳು ಓಡಾಡೋ ರೋಡಲ್ಲಿ ಆ ಬ್ಯಾಗ್ ಸಿಡೀದೆ ಇರ್ಲಿ ಅಂತ ಅವ್ರು ಒದೆ ತಿಂದ್ರು. ಕಣ್ಣು ಕಳ್ಕೊಂಡ್ರು. ಹೊಡೆದವ್ರು ಇಲ್ಲೇ ಕೂತಿದ್ದೀರಿ. ನಿಮ್ಮ ಮುಖ ನಂಗೆ ಗೊತ್ತು."

ಕೆಲವರು ಚಪ್ಪಲಿ ನೋಡಿಕೊಂಡರು. ನಾಟಿತು ಅಂದುಕೊಂಡೆ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಎದ್ದಳು. ರೇಷ್ಮೆ ಸೀರೆ. ಬಹಳ ಮರ್ಯಾದೆಯ ದನಿ.

"ಬೇಜಾರ್ ಮಾಡ್ಕೋಬೇಡಿ ಮೇಡಂ. ತುಂಬಾ ಪಾಪ ಅನ್ಸುತ್ತೆ. ಆದ್ರೂ... ದೇಶದ ಸೆಕ್ಯೂರಿಟಿ ವಿಷ್ಯ ನೋಡಿ. ಅವ್ರನ್ನ ಅಂಥ ಕೆಲ್ಸಕ್ಕೆ ಹಾಕೋ ಮುಂಚೆ ಸರಿಯಾಗಿ ವಿಚಾರ್ಸಿದ್ರಾ?"

ಯಾರಾದರೂ ಅವಳ ಬಾಯಿ ಮುಚ್ಚಿಸುತ್ತಾರೆ ಅಂತ ಕಾದೆ.

ಆ ದಿನದ ಅತಿ ಜೋರು ಚಪ್ಪಾಳೆ ಬಿದ್ದದ್ದು ಅವಳಿಗೇ!