ಹದಿನೈದನೇ ನಿಮಿಷದ ನೀರು

ಸಾಗರದ ಆ ಕಾಲೇಜಿನ ಕ್ಯಾಂಟೀನಿನಲ್ಲಿ ಶರಾವತಿ ಚಹಾ ಸೋಸುತ್ತಿದ್ದಾಗ ಲಿಖಿತಾ ಬಂದು ನೋಟ್‌ಬುಕ್ ಬಿಡಿಸಿಟ್ಟಳು. ಪುಟಕ್ಕೆ ಅಡ್ಡಲಾಗಿ ಕೆಂಪು ಶಾಯಿಯಲ್ಲಿ ‘ಕದ್ದ ಲೆಕ್ಕ’ ಎಂದು ಬರೆದಿತ್ತು. ಗಣಿತ ವಿಭಾಗದ ಮುಖ್ಯಸ್ಥ ಸುಬ್ಬಣ್ಣನವರ ಅಕ್ಷರ. ಈ ವರ್ಷ ಅವಳನ್ನು ಪರೀಕ್ಷೆಗೆ ಕೂರಿಸುವುದಿಲ್ಲವಂತೆ.

ಮೂಲೆಯಲ್ಲಿ ಮುಕುಂದಯ್ಯ ಕೂತಿದ್ದರು. ನಿವೃತ್ತ ಗಣಿತ ಮೇಷ್ಟ್ರು. ಕಾಲೇಜಿನಲ್ಲಿ ಏನೇ ಕಳುವಾದರೂ ಪತ್ತೆ ಮಾಡುತ್ತಿದ್ದುದು ಅವರೇ. ಲೋಟ ಕೊಡುವ ನೆಪದಲ್ಲಿ ಶರಾವತಿ ಅಂಥ ಎಷ್ಟೋ ಪತ್ತೆಗಳನ್ನು ಹತ್ತಿರದಿಂದ ಕಂಡಿದ್ದಳು.

ಲಿಖಿತಾ ವಿಷಯ ಬಿಡಿಸಿ ಹೇಳಿದಳು. 85 ಡಿಗ್ರಿ ಬಿಸಿಯ ನೀರು 25 ಡಿಗ್ರಿಯ ಕೋಣೆಯಲ್ಲಿ ಹೇಗೆ ಆರುತ್ತದೆ ಎಂಬ ಅವಕಲ ಸಮೀಕರಣ. ಆಯ್ಲರ್ ವಿಧಾನದಲ್ಲಿ ಐದೈದು ನಿಮಿಷದ ಹೆಜ್ಜೆಯಿಟ್ಟು ಬಿಡಿಸಬೇಕು. ಕೋಣೆಗಿಂತ ಎಷ್ಟು ಹೆಚ್ಚು ಬಿಸಿಯೋ ಅದರ ಹತ್ತರಲ್ಲಿ ಒಂದು ಪಾಲು ಪ್ರತಿ ಹೆಜ್ಜೆಗೂ ಕಳೆಯಬೇಕು. ಹತ್ತನೇ ನಿಮಿಷಕ್ಕೆ 73.6 ಬರಬೇಕಾದಲ್ಲಿ ಅವಳು 74.6 ಬರೆದಿದ್ದಳು. ಸಹಪಾಠಿ ಸುಘೋಷನ ಪುಸ್ತಕದಲ್ಲೂ ಅದೇ ತಪ್ಪು. ‘ಡೌಟಿದೆ’ ಎಂದು ಅವಳ ಪುಸ್ತಕ ಒಯ್ದಿದ್ದ ಅವನು ಮೊದಲೇ ಒಪ್ಪಿಸಿದ್ದ. ಅವಳ ಊರು ಬ್ಯಾಕೋಡಿನ ಬಸ್ಸು ಕೆಟ್ಟು ಅವಳು ಒಪ್ಪಿಸಿದ್ದು ಮರುದಿನ. ಸುಘೋಷ ಸುಬ್ಬಣ್ಣನವರ ಅಕ್ಕನ ಮಗ.

“ಬ್ಯಾಕೋಡಿನ ಹುಡುಗಿಗೆ ಇಷ್ಟು ಲೆಕ್ಕ ಎಲ್ಲಿಂದ ಬರ್ಬೇಕು ಅಂತ ಸುಬ್ಬಣ್ಣ ಸರ್ ಅಂದ್ರು ಶರಾವತಕ್ಕ.”

ಶರಾವತಿಯ ಮೈ ಉರಿಯಿತು. ಏಳನೇ ಕ್ಲಾಸಿನಲ್ಲಿ ಅವಳಿಗೂ ಒಬ್ಬರು ಇಂಥದ್ದೇ ಮಾತು ಹೇಳಿದ್ದರು. ಅವಳು ಮತ್ತೆ ಶಾಲೆಗೆ ಹೋಗಿರಲಿಲ್ಲ.

ಮುಕುಂದಯ್ಯ ಸುಘೋಷನ ಪುಸ್ತಕವನ್ನೂ ತರಿಸಿದರು. ಶರಾವತಿ ಅವರ ಭುಜದ ಮೇಲಿಂದ ಬಗ್ಗಿ ಅದನ್ನು ನೋಡಿದಳು. 85, 79, 74.6, 64.64, 65.18, 61.16.

“ಸರ್,” ಎಂದಳು ಮೆಲ್ಲಗೆ. “ಒಲೆಯಿಂದ ಇಳಿಸಿದ ನೀರು ತಾನಾಗೇ ಮತ್ತೆ ಬಿಸಿ ಆಗ್ತದಾ?”

ಮುಕುಂದಯ್ಯ ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಮಧ್ಯಾಹ್ನ ಸ್ಟಾಫ್ ರೂಮಿಗೆ ಚಹಾ ತಗೊಂಡು ಬಾ. ಕೊಟ್ಟು ಓಡಿಹೋಗ್ಬೇಡ.”

ಮಧ್ಯಾಹ್ನ ಸುಬ್ಬಣ್ಣ, ಲಿಖಿತಾ ಎಲ್ಲರೂ ಸೇರಿದಾಗ ಮುಕುಂದಯ್ಯ ಸುಘೋಷನ ಕೈಗೆ ಸೀಮೆಸುಣ್ಣ ಕೊಟ್ಟರು. ಹದಿನೈದನೇ ನಿಮಿಷಕ್ಕೆ ನಿನ್ನ ನೀರು 64.64, ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗು ಎಂದರು. ಅವನು ಬೋರ್ಡಿನ ಮೇಲೆ ಕಳೆದು 60.68 ಎಂದು ಬರೆದ.

“ಪುಸ್ತಕದಲ್ಲಿ 65.18 ಅಂತ ಬರ್ದಿದೀಯಲ್ಲ, ಅದು ಎಲ್ಲಿಂದ ಬಂತಪ್ಪ?”

ಸುಘೋಷ ಸೀಮೆಸುಣ್ಣ ಕೆಳಗಿಟ್ಟ. ಮುಕುಂದಯ್ಯ ಎಲ್ಲರಿಗೂ ಬಿಡಿಸಿ ಹೇಳಿದರು. ಈ ವಿಧಾನದಲ್ಲಿ ಪ್ರತಿ ಸಾಲೂ ಮೇಲಿನ ಸಾಲಿನಿಂದ ಹುಟ್ಟುತ್ತದೆ. ಲಿಖಿತಾಳ 74.6 ತಪ್ಪೇ. ಆದರೆ ಅದರಿಂದ 69.64, ಅದರಿಂದ 65.18 ಸರಿಯಾಗಿ ಬಂದಿವೆ. ತಪ್ಪು ಕೊನೆಯ ಸಾಲಿನವರೆಗೂ ಹರಿದಿದೆ. ಅವಳು ನಿಜವಾಗಿ ಲೆಕ್ಕ ಮಾಡಿದ್ದಾಳೆ. ಸುಘೋಷ ಅವಳ 9ನ್ನು 4 ಎಂದು ಓದಿ 64.64 ಬರೆದ. ಲೆಕ್ಕ ಮಾಡಿದ್ದರೆ ಆ ತಪ್ಪೂ ಕೆಳಗೆ ಹರಿಯಬೇಕಿತ್ತು. ಹರಿದಿಲ್ಲ, ಏಕೆಂದರೆ ಮುಂದಿನ ಸಾಲನ್ನೂ ಅವನು ನೋಡಿ ಬರೆದದ್ದು.

“ಆಯ್ತು ಬಿಡಿ,” ಎಂದು ಸುಬ್ಬಣ್ಣ ಎದ್ದರು. “ಪರೀಕ್ಷೆಗೆ ಕೂರ್ಲಿ.”

ಶರಾವತಿ ಚಹಾದ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಅಡ್ಡ ನಿಂತಳು.

“ಕೆಂಪಲ್ಲಿ ಬರ್ದಿದ್ದು ಹಾಗೇ ಇದೆ ಸರ್. ನೀವೇ ಹೊಡೆದುಹಾಕಿ. ಕೆಳಗೆ ಸಹಿ ಮಾಡಿ.”

ಸುಬ್ಬಣ್ಣ ಮತ್ತೆ ಕೂತು ಪೆನ್ನು ತೆಗೆದರು. ಗೀಟು ಎಳೆದು, ಸಹಿ ಮಾಡಿ, ಪುಸ್ತಕವನ್ನು ಲಿಖಿತಾಳ ಕಡೆಗೆ ತಳ್ಳಿದರು.

ಅವಳು ಅದನ್ನು ಎತ್ತಿಕೊಂಡು, 74.6ರ ಮೇಲೆ ಬೆರಳಿಟ್ಟು, ನಾಳೆಯವರೆಗೆ ಸಮಯ ಕೇಳಿದಳು.

“ಇಲ್ಲಿಂದ ಕೆಳಗೆ ಪೂರ್ತಿ ಮತ್ತೆ ಮಾಡ್ಬೇಕು ಸರ್.”